ಸಣ್ಣ ಸರಕು ವಾಹನದ ಆಯ್ಕೆ: ಪೆಟ್ರೋಲೋ, ಡೀಸೆಲೋ?

ರೈತನ ದುಡಿಮೆಯ ಫಲವು ಹೊಲದಲ್ಲಿ ಮಾಗುವುದಾದರೂ ಅದಕ್ಕೆ ಬೆಲೆ ದೊರೆಯುವುದು ಮಾರುಕಟ್ಟೆಯಲ್ಲಿ. ಇವೆರಡರ ನಡುವಣ ಹಾದಿಯನ್ನು ಒಂದು ಕಾಲಕ್ಕೆ ಎತ್ತಿನ ಗಾಡಿ ಕ್ರಮಿಸುತ್ತಿತ್ತು. ತರುವಾಯ ಊರಿಗೊಂದರಂತೆ ಬರುತ್ತಿದ್ದ ಲಾರಿಯೂ ಬಸ್ಸಿನ ಮೇಲ್ಛಾವಣಿಯೂ ಆ ಭಾರವನ್ನು ಹೊತ್ತವು. ಇಂದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ನಾಲ್ಕಾರು ಮನೆಗಳ ಮುಂದೆ ಸಣ್ಣ ಸರಕು ವಾಹನ ನಿಂತಿರುವುದನ್ನು ಕಾಣಬಹುದು. ತರಕಾರಿಯ ಕ್ರೇಟು, ಹೂವಿನ ಮೂಟೆ, ರೇಷ್ಮೆಗೂಡು, ಮಗ್ಗದ ಸೀರೆ, ದನದ ಮೇವು ಎಲ್ಲವೂ ಅದರಲ್ಲಿಯೇ ಸಾಗುತ್ತವೆ.

ಇಂತಹ ವಾಹನವೊಂದನ್ನು ಕೊಳ್ಳುವುದು ಸಾಮಾನ್ಯ ಕುಟುಂಬಕ್ಕೆ ಸಣ್ಣ ಸಂಗತಿಯಲ್ಲ. ಐದಾರು ಲಕ್ಷ ರೂಪಾಯಿಗಳ ಸಾಲ, ನಾಲ್ಕೈದು ವರ್ಷಗಳ ಕಂತು, ಮುಂಗಡಕ್ಕಾಗಿ ಒತ್ತೆಯಿಟ್ಟ ಮನೆಯವರ ಒಡವೆ ಇವೆಲ್ಲವೂ ಅದರ ಹಿಂದಿರುತ್ತವೆ. ಹೀಗಿದ್ದರೂ ಪೆಟ್ರೋಲ್ ವಾಹನವನ್ನು ಕೊಳ್ಳಬೇಕೇ, ಡೀಸೆಲ್ ವಾಹನವನ್ನು ಕೊಳ್ಳಬೇಕೇ ಎಂಬ ಪ್ರಶ್ನೆಗೆ ನಮ್ಮಲ್ಲಿ ಅನೇಕರು ನೆರೆಯವನ ಮಾತನ್ನೋ ಮಾರಾಟಗಾರನ ಮಾತನ್ನೋ ನಂಬಿ ಉತ್ತರ ಕಂಡುಕೊಳ್ಳುತ್ತಾರೆ. ಪ್ರೌಢಶಾಲೆಯ ವಿಜ್ಞಾನ ಮತ್ತು ಅಂಕಗಣಿತವನ್ನು ಬಲ್ಲ ಯಾರೇ ಆಗಲಿ ಈ ಉತ್ತರವನ್ನು ತಾವೇ ಕಂಡುಕೊಳ್ಳಬಲ್ಲರು ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

1. ಹಳೆಯ ನಂಬಿಕೆಯೂ ಅದರ ಮೂಲವೂ

“ಸರಕು ಸಾಗಿಸುವ ಗಾಡಿ ಎಂದ ಮೇಲೆ ಡೀಸೆಲ್ಲೇ ಆಗಬೇಕು” ಎಂಬ ಮಾತು ನಮ್ಮ ಹಿರಿಯರಿಂದ ಬಂದದ್ದು. ಅವರ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಸರಕಾರವು ಡೀಸೆಲಿನ ಬೆಲೆಯನ್ನು ಬಹುಕಾಲ ತನ್ನ ಹಿಡಿತದಲ್ಲಿಟ್ಟುಕೊಂಡಿತ್ತು. ಪೆಟ್ರೋಲಿನ ಬೆಲೆಯ ಮೇಲಣ ನಿಯಂತ್ರಣವು 2010ರ ಜೂನ್ ತಿಂಗಳಿನಲ್ಲಿ ತೆರವಾದ ಮೇಲೆ ಇವೆರಡರ ಅಂತರ ಇನ್ನಷ್ಟು ಹಿಗ್ಗಿತು. 2012ರ ಮೇ ತಿಂಗಳ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿಗಳನ್ನು ದಾಟಿದ್ದರೆ ಡೀಸೆಲ್ 41 ರೂಪಾಯಿಗಳ ಆಸುಪಾಸಿನಲ್ಲಿತ್ತು. ಅಗ್ಗವಾದ ಇಂಧನ, ಅದರಲ್ಲಿಯೂ ಹೆಚ್ಚು ದೂರ ಓಡುವ ಎಂಜಿನ್ ಎಂದಮೇಲೆ ಲೆಕ್ಕ ಹಾಕುವ ಅಗತ್ಯವಾದರೂ ಎಲ್ಲಿತ್ತು? 2005ರಲ್ಲಿ ಟಾಟಾ ಏಸ್ ಹೊರಬಂದಾಗ ಅದು 702 ಘನ ಸೆಂಟಿಮೀಟರಿನ, ಎರಡು ಸಿಲಿಂಡರಿನ ಡೀಸೆಲ್ ಎಂಜಿನಿನೊಡನೆಯೇ ಬಂದಿತು.

2014ರ ಅಕ್ಟೋಬರಿನಲ್ಲಿ ಡೀಸೆಲಿನ ಬೆಲೆಯ ನಿಯಂತ್ರಣವೂ ತೆರವಾಯಿತು. ಅಲ್ಲಿಂದೀಚೆಗೆ ಅಂತರವು ಕುಗ್ಗುತ್ತ ಬಂದಿದೆ. 2025ರಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ ಸುಮಾರು 103 ರೂಪಾಯಿಯೂ ಡೀಸೆಲ್ ಸುಮಾರು 91 ರೂಪಾಯಿಯೂ ಇದ್ದವು. ಒಂದು ಕಾಲಕ್ಕೆ 32 ರೂಪಾಯಿಗಳಷ್ಟಿದ್ದ ಅಂತರವು 12 ರೂಪಾಯಿಗಳಿಗೆ ಇಳಿಯಿತು.

ಇದರೊಡನೆ ಮತ್ತೊಂದು ಬದಲಾವಣೆಯೂ ಆಯಿತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಎಂಬ ಹೊಗೆಯ ಮಾನದಂಡ ಜಾರಿಗೆ ಬಂದಿತು. ಅದಕ್ಕೆ ಹೊಂದಿಕೊಳ್ಳಲು ಪೆಟ್ರೋಲ್ ಎಂಜಿನಿಗಿಂತ ಡೀಸೆಲ್ ಎಂಜಿನಿಗೆ ಹೆಚ್ಚಿನ ಉಪಕರಣಗಳು ಬೇಕಾದುದರಿಂದ ಡೀಸೆಲ್ ವಾಹನದ ಬೆಲೆ ಏರಿತು. ಮಾರುತಿ ಸಂಸ್ಥೆಯು ಆ ತಿಂಗಳಿನಿಂದ ಡೀಸೆಲ್ ವಾಹನಗಳನ್ನೇ ಕೈಬಿಟ್ಟಿತು. 2016ರಲ್ಲಿ ಡೀಸೆಲ್ ಎಂಜಿನಿನೊಡನೆ ಬಂದಿದ್ದ ಅದರ ಸೂಪರ್ ಕ್ಯಾರಿ ಎಂಬ ಸರಕು ವಾಹನವು ಪೆಟ್ರೋಲ್ ಮತ್ತು ಗ್ಯಾಸಿಗೆ ತಿರುಗಿತು. ಅದೇ ವರ್ಷ ಟಾಟಾ ಏಸ್ ಗೋಲ್ಡ್ ವಾಹನವೂ 694 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನಿನಲ್ಲಿ ದೊರೆಯತೊಡಗಿತು. ಹೀಗೆ, ಹಿರಿಯರಿಗೆ ಇಲ್ಲದಿದ್ದ ಆಯ್ಕೆಯೊಂದು ನಮ್ಮ ಮುಂದೆ ಬಂದು ನಿಂತಿತು.

2. ಎರಡು ಎಂಜಿನುಗಳ ಗುಣಭೇದ

ಪೆಟ್ರೋಲ್ ಎಂಜಿನಿನಲ್ಲಿ ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಒತ್ತಿದ ಮೇಲೆ ಸ್ಪಾರ್ಕ್ ಪ್ಲಗ್ಗಿನ ಕಿಡಿಯು ಅದನ್ನು ಹೊತ್ತಿಸುತ್ತದೆ. 1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ರೂಪಿಸಿದ ನಾಲ್ಕು ಹೊಡೆತಗಳ ಎಂಜಿನೇ ಇದರ ಮೂಲ. ಡೀಸೆಲ್ ಎಂಜಿನಿನಲ್ಲಾದರೋ ಕಿಡಿಯ ಅಗತ್ಯವಿಲ್ಲ. ಗಾಳಿಯನ್ನು ಮಾತ್ರ ಬಹಳವಾಗಿ ಒತ್ತಿದಾಗ ಅದು ಕೆಂಡದಂತೆ ಬಿಸಿಯಾಗುತ್ತದೆ; ಆಗ ಸಿಂಪಡಿಸಿದ ಇಂಧನವು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸೈಕಲ್ಲಿನ ಟಯರಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಬಲ್ಲ ವಿದ್ಯಾರ್ಥಿಗೆ ಈ ತತ್ತ್ವ ಸುಲಭವಾಗಿ ತಿಳಿಯುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರು ಔಗ್ಸ್‌ಬರ್ಗ್ ನಗರದಲ್ಲಿ 1897ರಲ್ಲಿ ಇದನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು.

ಪೆಟ್ರೋಲ್ ಎಂಜಿನಿನಲ್ಲಿ ಗಾಳಿಯನ್ನು ಸುಮಾರು ಹತ್ತರಲ್ಲೊಂದು ಪಾಲಿಗೆ ಒತ್ತಿದರೆ ಡೀಸೆಲ್ ಎಂಜಿನಿನಲ್ಲಿ ಹದಿನೈದರಿಂದ ಇಪ್ಪತ್ತರಲ್ಲೊಂದು ಪಾಲಿಗೆ ಒತ್ತಲಾಗುತ್ತದೆ. ಹೆಚ್ಚು ಒತ್ತಿದಷ್ಟೂ ಶಾಖದ ಹೆಚ್ಚು ಭಾಗ ಕೆಲಸಕ್ಕೆ ಒದಗುತ್ತದೆ. ಅಲ್ಲದೆ ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿಯಿದ್ದರೆ ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಇರುತ್ತದೆ. ಈಚೆಗೆ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸುವ ಪದ್ಧತಿ ಬಂದಿದೆ. ಎಥನಾಲಿನ ಶಕ್ತಿ ಲೀಟರಿಗೆ ಸುಮಾರು 21 ಮೆಗಾಜೂಲ್ ಮಾತ್ರ. ಆದ್ದರಿಂದ ಮಿಶ್ರಣದ ಶಕ್ತಿಯು ಸುಮಾರು 30 ಮೆಗಾಜೂಲಿಗೆ ಇಳಿಯುತ್ತದೆ. ಡೀಸೆಲ್ ವಾಹನವು ಲೀಟರಿಗೆ ಹೆಚ್ಚು ದೂರ ಓಡುವುದರ ಗುಟ್ಟು ಇದೇ.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಅಷ್ಟು ಒತ್ತಡವನ್ನು ತಡೆಯಲು ಎಂಜಿನಿನ ಮೈ ಭಾರವಾಗಿರಬೇಕು, ಇಂಧನವನ್ನು ಚಿಮ್ಮುವ ಪಂಪು ಮತ್ತು ಇಂಜೆಕ್ಟರುಗಳು ನಾಜೂಕಾಗಿರಬೇಕು. ಅವು ಕೆಟ್ಟರೆ ರಿಪೇರಿಯ ಖರ್ಚು ಪೆಟ್ರೋಲ್ ಎಂಜಿನಿನ ಸ್ಪಾರ್ಕ್ ಪ್ಲಗ್ಗನ್ನು ಬದಲಿಸಿದಷ್ಟು ಸುಲಭದ್ದಲ್ಲ.

ಎಳೆಯುವ ಬಲದ ವಿಚಾರದಲ್ಲಿಯೂ ಒಂದು ಮಾತು. ಡೀಸೆಲ್ ಎಂಜಿನ್ ಕಡಿಮೆ ಸುತ್ತಿನಲ್ಲಿಯೇ ತನ್ನ ಬಲವನ್ನು ತೋರುವುದರಿಂದ ಹೊರೆ ತುಂಬಿ ಏರು ಹತ್ತುವಾಗ ಗೇರನ್ನು ಪದೇ ಪದೇ ಇಳಿಸಬೇಕಾಗುವುದಿಲ್ಲ. ಆದರೆ ಅಶ್ವಶಕ್ತಿಯನ್ನು ಮಾತ್ರ ನೋಡಿದರೆ ಮೊದಲ ಟಾಟಾ ಏಸ್ ಡೀಸೆಲಿನದು 16, ಅನಂತರದ ಪೆಟ್ರೋಲ್ ಎಂಜಿನಿನದು 30. ಆದ್ದರಿಂದ ಪೆಟ್ರೋಲ್ ವಾಹನ ಹೊರೆ ಎಳೆಯಲಾರದು ಎಂಬ ಮಾತನ್ನು ಮುಕ್ಕಾಲು ಟನ್ನಿನ ವರ್ಗದಲ್ಲಿ ಹಾಗೆಯೇ ಒಪ್ಪುವಂತಿಲ್ಲ. ಒಂದೂವರೆ ಟನ್ನಿನ ಆಸುಪಾಸಿನ ಪಿಕಪ್ ವಾಹನಗಳ ಮಾತು ಬೇರೆ. ಅಲ್ಲಿ ಪೆಟ್ರೋಲ್ ವಾಹನಗಳು ವಿರಳವಾದುದರಿಂದ ಆಯ್ಕೆ ಉಳಿಯುವುದು ಡೀಸೆಲ್ ಮತ್ತು ಗ್ಯಾಸಿನ ನಡುವೆ ಮಾತ್ರ.

3. ಲೆಕ್ಕದ ಕ್ರಮ

ಡೀಸೆಲ್ ವಾಹನವು ಕೊಳ್ಳುವಾಗ ದುಬಾರಿ, ಓಡಿಸುವಾಗ ಅಗ್ಗ. ಪೆಟ್ರೋಲ್ ವಾಹನವು ಕೊಳ್ಳುವಾಗ ಅಗ್ಗ, ಓಡಿಸುವಾಗ ದುಬಾರಿ. ಹಾಗಾದರೆ ಎಷ್ಟು ದೂರ ಓಡಿಸಿದ ಮೇಲೆ ಡೀಸೆಲ್ ವಾಹನಕ್ಕೆ ಹೆಚ್ಚಾಗಿ ತೆತ್ತ ಹಣ ಹಿಂತಿರುಗುತ್ತದೆ ಎಂಬುದೇ ನಿಜವಾದ ಪ್ರಶ್ನೆ. ಕೆಳಗಿನ ಅಂಕಿಗಳಲ್ಲಿ ಇಂಧನದ ಬೆಲೆಯ ಹೊರತು ಉಳಿದವುಗಳನ್ನು ಉದಾಹರಣೆಗಾಗಿ ಊಹಿಸಿಕೊಳ್ಳಲಾಗಿದೆ. ವಾಚಕರು ತಮ್ಮ ತಮ್ಮ ಅಂಕಿಗಳನ್ನು ಅಲ್ಲಿ ಇಟ್ಟುಕೊಳ್ಳಬೇಕು.

ಪೆಟ್ರೋಲ್ ವಾಹನವು ಲೀಟರಿಗೆ 15 ಕಿಲೋಮೀಟರ್ ಓಡುವುದೆಂದು ಇಟ್ಟುಕೊಂಡರೆ ಕಿಲೋಮೀಟರಿಗೆ ತಗಲುವ ಖರ್ಚು 103 ÷ 15 = 6 ರೂಪಾಯಿ 87 ಪೈಸೆ.

ಡೀಸೆಲ್ ವಾಹನವು ಲೀಟರಿಗೆ 20 ಕಿಲೋಮೀಟರ್ ಓಡುವುದೆಂದು ಇಟ್ಟುಕೊಂಡರೆ 91 ÷ 20 = 4 ರೂಪಾಯಿ 55 ಪೈಸೆ.

ಆದ್ದರಿಂದ ಕಿಲೋಮೀಟರಿಗೆ ಉಳಿತಾಯ 2 ರೂಪಾಯಿ 32 ಪೈಸೆ.

ಡೀಸೆಲ್ ವಾಹನಕ್ಕೆ 80,000 ರೂಪಾಯಿ ಹೆಚ್ಚು ಕೊಡಬೇಕೆಂದೂ ಅದನ್ನು ನೂರಕ್ಕೆ 11ರ ಬಡ್ಡಿಯಲ್ಲಿ ನಾಲ್ಕು ವರ್ಷಗಳ ಸಾಲವಾಗಿ ಪಡೆಯಲಾಗಿದೆಯೆಂದೂ ಭಾವಿಸೋಣ. ತಿಂಗಳ ಕಂತು ಸುಮಾರು 2,068 ರೂಪಾಯಿ. 48 ಕಂತುಗಳಲ್ಲಿ ತೀರಿಸುವ ಮೊತ್ತ ಸುಮಾರು 99,000. ನಿರ್ವಹಣೆಗೆ ವರ್ಷಕ್ಕೆ 5,000 ಹೆಚ್ಚು ಎಂದರೆ ನಾಲ್ಕು ವರ್ಷಕ್ಕೆ 20,000. ಒಟ್ಟು 1,19,000 ರೂಪಾಯಿ. ಇದನ್ನು 2.32ರಿಂದ ಭಾಗಿಸಿದರೆ ಸುಮಾರು 51,300 ಕಿಲೋಮೀಟರ್ ಬರುತ್ತದೆ. ಅಂದರೆ ವರ್ಷಕ್ಕೆ ಸುಮಾರು 12,800 ಕಿಲೋಮೀಟರ್. ವರ್ಷದಲ್ಲಿ 300 ದಿನ ಓಡಿಸುವವರಿಗೆ ದಿನಕ್ಕೆ 43 ಕಿಲೋಮೀಟರ್.

ಈ ಗಡಿಯಿಂದ ಮೇಲಿರುವವರಿಗೆ ಡೀಸೆಲ್, ಕೆಳಗಿರುವವರಿಗೆ ಪೆಟ್ರೋಲ್. ವಾಹನವನ್ನು ಮಾರುವಾಗ ಡೀಸೆಲ್ ವಾಹನಕ್ಕೆ ತುಸು ಹೆಚ್ಚು ಬೆಲೆ ಬಂದರೆ ಗಡಿ ಕೆಳಗಿಳಿಯುತ್ತದೆ. ಇಂಧನದ ಬೆಲೆಯ ಅಂತರ ಇನ್ನೂ ಕುಗ್ಗಿದರೆ ಗಡಿ ಮೇಲೇರುತ್ತದೆ. ಅಂಕಿಗಳು ಬದಲಾದರೂ ಲೆಕ್ಕದ ಕ್ರಮ ಬದಲಾಗುವುದಿಲ್ಲ.

4. ದಿನದ ದೂರವಲ್ಲ, ವರ್ಷದ ದೂರ

ಕೆಲಕಾಲದ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎರಡು ಬೆಲೆಪಟ್ಟಿಗಳನ್ನು ಹಿಡಿದು ಮನೆಗೆ ಬಂದ. ದೊಡ್ಡಬಳ್ಳಾಪುರದ ಆಚೆಗಿನ ಹಳ್ಳಿಯಲ್ಲಿ ತರಕಾರಿ ಬೆಳೆಯುವವನು. “ಸಾರ್, ಅಂಗಡಿಯವರು ಡೀಸೆಲ್ಲೇ ತಗೊಳ್ಳಿ ಅಂತಾರೆ. ಮನೆಯವಳ ಸರ ಒತ್ತೆ ಇಟ್ಟು ಮುಂಗಡ ಕಟ್ಟಬೇಕು. ನೀವೇ ಒಂದು ಮಾತು ಹೇಳಿ” ಎಂದ. ಎಷ್ಟು ದೂರ ಓಡಿಸುವೆ ಎಂದು ಕೇಳಿದೆ. ಬೆಂಗಳೂರಿಗೆ ಹೋಗಿ ಬಂದರೆ 90 ಕಿಲೋಮೀಟರ್ ಎಂದ. 43ರ ಗಡಿಗೆ 90 ಎಂದರೆ ದುಪ್ಪಟ್ಟು. ಹಾಗೆ ನೋಡಿದರೆ ಡೀಸೆಲ್ಲೇ ಸರಿ.

ಆದರೆ ವರ್ಷಕ್ಕೆ ಎಷ್ಟು ಸಲ ಎಂದಾಗ ಆತ ತಡವರಿಸಿದ. ಮರುದಿನ ಹಿಂದಿನ ವರ್ಷದ ಬಾಡಿಗೆ ಚೀಟಿಗಳನ್ನೂ ಮಂಡಿಯ ಪಟ್ಟಿಗಳನ್ನೂ ತರಲು ಹೇಳಿದೆ. ಎಣಿಸಿದಾಗ 72 ಸಲ ಎಂದು ತಿಳಿಯಿತು. ಎರಡು ಬೆಳೆ, ಕೊಯ್ಲಿನ ದಿನಗಳಲ್ಲಿ ದಿನ ಬಿಟ್ಟು ದಿನ. ಉಳಿದ ಕಾಲದಲ್ಲಿ ಬಾಡಿಗೆ ಗಾಡಿಯ ಕೆಲಸವೇ ಇಲ್ಲ. 72 × 90 = 6,480. ಗೊಬ್ಬರ, ಮೇವು, ಸಂತೆ ಎಂದು ಇನ್ನೊಂದು ಸಾವಿರ ಸೇರಿಸಿದರೂ 7,500 ಕಿಲೋಮೀಟರ್ ಮುಟ್ಟುವುದಿಲ್ಲ. 7,500 ಎಂದೇ ಹಿಡಿದರೂ ಡೀಸೆಲಿನಿಂದ ನಾಲ್ಕು ವರ್ಷಗಳಲ್ಲಿ ಇಂಧನದಲ್ಲಿ ಉಳಿಯುವುದು ಸುಮಾರು 69,600. ಹೆಚ್ಚಾಗಿ ತೆರುವುದು 1,19,000. ನಷ್ಟ ಸುಮಾರು ಐವತ್ತು ಸಾವಿರ.

“ನೆರೆಯ ಇಬ್ಬರು ತಮ್ಮ ಸರಕನ್ನೂ ನನ್ನ ಗಾಡಿಗೇ ಹಾಕ್ತೀವಿ ಅಂದಿದ್ದಾರೆ ಸಾರ್” ಎಂದು ಆತ ಹೊಸದೊಂದು ಅಂಶವನ್ನು ಮುಂದಿಟ್ಟ. ಅದನ್ನೂ ಲೆಕ್ಕಕ್ಕೆ ತಂದೆವು. ಅವರ ಸರದಿಯ ದಿನಗಳೂ ಸೇರಿ ವರ್ಷಕ್ಕೆ 150 ಸಲ ಎಂದರೆ ಒಟ್ಟು 14,500 ಕಿಲೋಮೀಟರ್. ಗಡಿ ದಾಟಿತು. ಆದರೆ ದಾಟಿದ್ದರಿಂದ ನಾಲ್ಕು ವರ್ಷಗಳಲ್ಲಿ ಬರುವ ಲಾಭ ಸುಮಾರು 15,500 ರೂಪಾಯಿ ಮಾತ್ರ. ನೆರೆಯವರು ಮಾತಿಗೆ ನಿಂತರೆ ಲಾಭ ಹದಿನೈದು ಸಾವಿರ. ಮುಂದಿನ ವರ್ಷ ಅವರೇ ಒಂದು ಗಾಡಿ ಕೊಂಡರೆ ನಷ್ಟ ಐವತ್ತು ಸಾವಿರದತ್ತ ಜಾರುತ್ತದೆ. ಕೈಗೆ ಬಾರದ ಬಾಡಿಗೆಯನ್ನು ನಂಬಿ ಸಾಲವನ್ನು ಬೆಳೆಸುವುದು ವಿವೇಕವಲ್ಲವೆಂದು ಆತನಿಗೇ ಹೊಳೆಯಿತು. ಪೆಟ್ರೋಲ್ ವಾಹನವನ್ನು ಕೊಂಡ.

ಇದರಿಂದ ಡೀಸೆಲ್ ವಾಹನವು ಕೂಡದೆಂದು ಯಾರೂ ಭಾವಿಸಬಾರದು. ಹೊಸಕೋಟೆಯಿಂದ ನಗರದ ಅಂಗಡಿಗಳಿಗೆ ದಿನನಿತ್ಯವೂ ಸರಕು ಹಂಚುತ್ತ ದಿನಕ್ಕೆ 110 ಕಿಲೋಮೀಟರಿನಂತೆ ವರ್ಷಕ್ಕೆ 33,000 ಕಿಲೋಮೀಟರ್ ಓಡಿಸುವ ಒಬ್ಬ ಬಾಡಿಗೆದಾರನನ್ನು ಊಹಿಸಿಕೊಳ್ಳೋಣ. ಆತ ವರ್ಷಕ್ಕೆ 76,000 ರೂಪಾಯಿಗಳಿಗೂ ಮಿಗಿಲಾಗಿ ಇಂಧನದಲ್ಲಿ ಉಳಿಸುತ್ತಾನೆ. ಹೆಚ್ಚಿನ ಹಣವು ಹತ್ತೊಂಬತ್ತು ತಿಂಗಳಲ್ಲಿ ಹಿಂತಿರುಗುತ್ತದೆ. ಆತನಿಗೆ ಪೆಟ್ರೋಲ್ ವಾಹನವನ್ನು ಹೇಳಿಕೊಡುವವನು ಹಿತೈಷಿಯಲ್ಲ.

5. ಮಸಿಯ ಸೋಸಕ

ದೂರದ ಲೆಕ್ಕದಲ್ಲಿ ಕಾಣದ ಮತ್ತೊಂದು ಸಂಗತಿಯಿದೆ. ಬಿಎಸ್-6 ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಸಾಮಾನ್ಯವಾಗಿ ಡಿಪಿಎಫ್ ಎಂಬ ಸೋಸಕವಿರುತ್ತದೆ. ಹೊಗೆಯಲ್ಲಿನ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಮಸಿ ತುಂಬಿದ ಮೇಲೆ ಅದನ್ನು ಸುಟ್ಟು ಬೂದಿ ಮಾಡಬೇಕು. ಅದಕ್ಕೆ ಸೋಸಕವು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಹೆದ್ದಾರಿಯಲ್ಲಿ ಒಂದೇ ಸಮನೆ ಅರ್ಧ ಗಂಟೆ ಓಡಿದರೆ ಇದು ಚಾಲಕನ ಅರಿವಿಗೆ ಬಾರದೆಯೇ ನಡೆದುಹೋಗುತ್ತದೆ. ಆದರೆ ಹಳ್ಳಿಯಿಂದ ಡೈರಿಗೆ ಎರಡು ಕಿಲೋಮೀಟರ್, ಅಲ್ಲಿಂದ ತೋಟಕ್ಕೆ ಮೂರು ಕಿಲೋಮೀಟರ್ ಎಂದು ನಿಂತು ನಿಂತು ಓಡುವ ಗಾಡಿಯಲ್ಲಿ ಎಂಜಿನ್ ಕಾಯುವ ಮೊದಲೇ ನಿಲ್ಲುತ್ತದೆ. ಮಸಿ ಕಟ್ಟಿಕೊಳ್ಳುತ್ತದೆ, ಎಚ್ಚರಿಕೆಯ ದೀಪ ಹೊತ್ತುತ್ತದೆ, ಎಂಜಿನಿನ ಬಲ ಕುಗ್ಗುತ್ತದೆ. ಸುಡುವ ಕ್ರಿಯೆ ಅರ್ಧಕ್ಕೆ ನಿಂತರೆ ಸುಡದ ಡೀಸೆಲ್ ಎಂಜಿನ್ ಆಯಿಲಿಗೆ ಇಳಿದು ಅದನ್ನು ತೆಳುವಾಗಿಸುವುದೂ ಉಂಟು.

ಆದಕಾರಣ ಊರೊಳಗಣ ಸಣ್ಣ ಓಡಾಟಕ್ಕೇ ವಾಹನ ಬೇಕಾದವರು ಒಟ್ಟು ದೂರ ಎಷ್ಟೇ ಇರಲಿ, ಡೀಸೆಲ್ ವಾಹನದ ವಿಷಯದಲ್ಲಿ ಎರಡು ಬಾರಿ ಯೋಚಿಸಬೇಕು. ಹಳೆಯ ಡೀಸೆಲ್ ಗಾಡಿಗಳಿಗೆ ಈ ತೊಡಕು ಇರಲಿಲ್ಲ. ಹಾಗೆಂದು ಆ ಕಾಲವನ್ನು ಹೊಗಳುವಂತೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದು ಸಾರಿತು. ಈ ಸೋಸಕವು ತಡೆಯುವ ಮಸಿಯೇ ಹಿಂದೆ ರಸ್ತೆಯ ಬದಿಯಲ್ಲಿ ಶಾಲೆಗೆ ನಡೆಯುವ ಮಕ್ಕಳ ಎದೆಗೂಡನ್ನು ಸೇರುತ್ತಿತ್ತು.

6. ಗ್ಯಾಸಿನ ದಾರಿ

ಸಿಎನ್‌ಜಿ ಎಂದರೆ ಒತ್ತಿ ತುಂಬಿದ ನೈಸರ್ಗಿಕ ಅನಿಲ. ದಾಭೋಲ್‌ನಿಂದ ಬೆಂಗಳೂರಿಗೆ ಗೇಲ್ ಸಂಸ್ಥೆಯ ಕೊಳವೆಮಾರ್ಗ 2013ರಲ್ಲಿ ತಲಪಿದ ಮೇಲೆ ನಮ್ಮ ಭಾಗಕ್ಕೆ ಈ ಇಂಧನ ಬಂದಿತು. ಲೆಕ್ಕಕ್ಕಾಗಿ ಕಿಲೋಗ್ರಾಮಿಗೆ 90 ರೂಪಾಯಿ, 20 ಕಿಲೋಮೀಟರ್ ಓಟ ಎಂದು ಇಟ್ಟುಕೊಂಡರೆ ಕಿಲೋಮೀಟರಿಗೆ ನಾಲ್ಕೂವರೆ ರೂಪಾಯಿ, ಹೆಚ್ಚುಕಡಿಮೆ ಡೀಸೆಲಿನಷ್ಟೇ. ಹೊಗೆಯಲ್ಲಿ ಮಸಿಯಿಲ್ಲ, ಎಂಜಿನ್ ಪೆಟ್ರೋಲಿನ ಜಾತಿಯದೇ ಆದುದರಿಂದ ಸೋಸಕದ ತೊಡಕೂ ಇಲ್ಲ.

ಆದರೆ ಅನಿಲವನ್ನು ಸುಮಾರು 200 ಬಾರ್ ಒತ್ತಡದಲ್ಲಿ ತುಂಬಬೇಕಾದುದರಿಂದ ಸಿಲಿಂಡರು ದಪ್ಪ ಉಕ್ಕಿನದಾಗಿರುತ್ತದೆ. ಅದರ ಭಾರವು ಸರಕಿನ ಪಾಲಿನಿಂದಲೇ ಕಳೆಯುತ್ತದೆ. ಮೂರು ವರ್ಷಗಳಿಗೊಮ್ಮೆ ಅದನ್ನು ಪರೀಕ್ಷೆಗೆ ಒಳಪಡಿಸಬೇಕು. ಪೆಟ್ರೋಲಿನಲ್ಲಿ ಓಡುವಾಗಿನ ಬಲವೂ ಗ್ಯಾಸಿನಲ್ಲಿ ಪೂರ್ತಿಯಾಗಿ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದುದು ಬಂಕಿನ ದೂರ. ಒಮ್ಮೆ 10 ಕಿಲೋಗ್ರಾಮ್ ತುಂಬಿಸಿದರೆ 200 ಕಿಲೋಮೀಟರ್ ಓಡಬಹುದು. ಪೆಟ್ರೋಲಿಗೆ ಹೋಲಿಸಿದರೆ ಸುಮಾರು 474 ರೂಪಾಯಿ ಉಳಿಯುತ್ತದೆ. ತುಂಬಿಸಲೆಂದೇ 12 ಕಿಲೋಮೀಟರ್ ಸುತ್ತಿದರೆ ಅದರಲ್ಲಿ 54 ರೂಪಾಯಿ ಹೋಗುತ್ತದೆ, ಅದನ್ನು ಸಹಿಸಬಹುದು. ಆದರೆ ಸರತಿಯ ಸಾಲಿನಲ್ಲಿ ಒಂದು ಗಂಟೆ ಕಳೆದು, ಮಾರುಕಟ್ಟೆಯ ಬೆಳಗಿನ ವ್ಯಾಪಾರ ತಪ್ಪಿ ಕ್ರೇಟಿಗೆ ಇಪ್ಪತ್ತು ರೂಪಾಯಿ ಇಳಿದರೆ ಉಳಿತಾಯವೆಲ್ಲ ಒಂದೇ ದಿನ ಕರಗುತ್ತದೆ. ತಾನು ದಿನವೂ ಸಾಗುವ ದಾರಿಯಲ್ಲಿಯೇ ಬಂಕು ಇರುವವನಿಗೆ ಗ್ಯಾಸು ಒಳ್ಳೆಯದು, ಇಲ್ಲದವನಿಗೆ ಅಲ್ಲ.

ವಿದ್ಯುತ್ ವಾಹನಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. ಕೊಳ್ಳುವ ಬೆಲೆ ಇನ್ನೂ ಹೆಚ್ಚು, ಓಡಿಸುವ ಖರ್ಚು ಇನ್ನೂ ಕಡಿಮೆ; ಗಡಿಯ ದೂರವನ್ನು ಅದಕ್ಕೂ ಹೀಗೆಯೇ ಕಾಣಬಹುದು.

7. ಸರಕಿನ ಸ್ವಭಾವ

ಕೊನೆಯದಾಗಿ, ಸಾಗಿಸುವ ವಸ್ತುವಿನ ಗುಣವನ್ನು ನೋಡಬೇಕು. ದೊಡ್ಡಬಳ್ಳಾಪುರದ ಮಗ್ಗದ ಸೀರೆಗಳಾಗಲಿ, ಹಸಿರುಮನೆಯ ಗುಲಾಬಿಯಾಗಲಿ, ವಿಜಯಪುರದ ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡಾಗಲಿ ಜಾಗವನ್ನು ತುಂಬುತ್ತವೆಯೇ ಹೊರತು ತೂಗುವುದಿಲ್ಲ. ಗೂಡಿನ ಸಾಗಣೆಯಂತೂ ವರ್ಷಕ್ಕೆ ಕೆಲವೇ ಬಾರಿ. ಇವುಗಳಿಗೆ ಪೆಟ್ರೋಲ್ ವಾಹನದ ಬಲ ಧಾರಾಳವಾಗಿ ಸಾಕು. ದ್ರಾಕ್ಷಿ, ಆಲೂಗೆಡ್ಡೆ, ಟೊಮ್ಯಾಟೊ, ಇಟ್ಟಿಗೆ, ಸಿಮೆಂಟು ಮುಂತಾದವು ಭಾರದ ಸರಕುಗಳು. ಅವುಗಳನ್ನು ನಿತ್ಯವೂ ಪೂರ್ಣ ಹೊರೆಯಾಗಿ ದೂರಕ್ಕೆ ಸಾಗಿಸುವವರಿಗೆ ಡೀಸೆಲಿನ ಎಳೆತ ನೆರವಾಗುತ್ತದೆ. ಹೊರೆ ಹೆಚ್ಚಿದಷ್ಟೂ ಪೆಟ್ರೋಲ್ ವಾಹನದ ಇಂಧನದ ಖರ್ಚು ಏರುವುದರಿಂದ ಗಡಿಯ ದೂರವೂ ಅವರಿಗೆ ಕೆಳಗಿಳಿಯುತ್ತದೆ.

ಉಪಸಂಹಾರ

ವಾಹನ ಕೊಳ್ಳಲು ಹೊರಟವರು ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ಒಂದು ಹಾಳೆಯ ಮೇಲೆ ಐದು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕು. ಕಳೆದ ವರ್ಷ ನಿಜವಾಗಿ ಎಷ್ಟು ಸಲ, ಎಷ್ಟು ದೂರ ಸರಕು ಹೋಯಿತು? ಒಮ್ಮೆಗೆ ಸಾಗಿದ ತೂಕವೆಷ್ಟು? ಓಟವು ಒಂದೇ ಸಮನೆಯದೋ, ನಿಂತು ನಿಂತು ಹೋಗುವುದೋ? ಎರಡು ವಾಹನಗಳ ಬೆಲೆಯ ಅಂತರವು ಬಡ್ಡಿಯೂ ಸೇರಿ ಎಷ್ಟಾಗುತ್ತದೆ? ಬಾಡಿಗೆ ಗಾಡಿಯಿಂದಲೇ ಕೆಲಸ ಸಾಗುವಂತಿದ್ದರೆ ಸ್ವಂತ ಗಾಡಿ ಬೇಕೇಬೇಕೇ? ಈ ಐದಕ್ಕೂ ಉತ್ತರ ಚೀಟಿಗಳಿಂದ ಬರಬೇಕು, ನೆನಪಿನಿಂದಲ್ಲ. ಮನುಷ್ಯನು ತಾನು ದುಡಿದ ದಿನಗಳನ್ನು ನೆನಪಿಡುತ್ತಾನೆ, ಗಾಡಿ ನಿಂತ ದಿನಗಳನ್ನು ಮರೆಯುತ್ತಾನೆ.

ಅಧ್ಯಾಪಕ ಬಂಧುಗಳಲ್ಲಿ ಒಂದು ವಿನಂತಿ. ಸರಾಸರಿ, ಬಡ್ಡಿ, ಭಾಗಾಕಾರ ಇವುಗಳನ್ನು ಕಲಿಸುವಾಗ ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಮಕ್ಕಳು ತಮ್ಮ ಮನೆಯ ಅಂಕಿಗಳನ್ನು ತರಲಿ. ನನ್ನ ಬಳಿಗೆ ಬಂದ ವಿದ್ಯಾರ್ಥಿಯು ಈ ಲೆಕ್ಕವನ್ನು ಏಳನೆಯ ತರಗತಿಯಲ್ಲಿಯೇ ಮಾಡಬಲ್ಲವನಾಗಿದ್ದ. ಅದನ್ನು ತನ್ನ ಬಾಳಿಗೆ ತಂದುಕೊಳ್ಳಬಹುದೆಂದು ಆತನಿಗೆ ಆಗ ಹೇಳಿಕೊಟ್ಟಿರಲಿಲ್ಲ. ಆ ಲೋಪ ನನ್ನದು. ಆತನ ಮನೆಯ ಸರವು ಒತ್ತೆಯಿಂದ ಬೇಗ ಬಿಡಿಸಿಕೊಂಡು ಬರಲೆಂಬುದು ಈಗ ನನ್ನ ಹಾರೈಕೆ.